ಸಹಾಯ ಬೇಕು: ರಥಬೀದಿಯಲ್ಲೇ ಸುತ್ತಿ ಧರ್ಮಸ್ಥಳ ತಲುಪುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿದ್ದಾಗ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಬೇಕು ಅಂತ ತುಂಬಾ ಆಸೆ ಇತ್ತು. ಆಗ ರಜೆ ಸಿಗಲಿಲ್ಲ. ಈಗ ಉಡುಪಿಯಲ್ಲಿದ್ದೇನೆ, ಮನೆಯಲ್ಲಿ ಅತ್ತೆಯವರಿಗೆ ಹುಷಾರಿಲ್ಲ, ಒಂದು ರಾತ್ರಿಯೂ ಬಿಟ್ಟಿರುವ ಹಾಗಿಲ್ಲ.

ಹಾಗಾಗಿ ಇಲ್ಲೇ ನಡೆಯೋಣ ಅಂತ. ಬೆಳಿಗ್ಗೆ ರಥಬೀದಿ ಸುತ್ತು, ಭಾನುವಾರ ಮಲ್ಪೆ ಕಡಲತೀರ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಒಟ್ಟು ಸುಮಾರು 300 ಕಿ.ಮೀ. ಅಲ್ವಾ? ಅಷ್ಟೇ ದೂರ ಇಲ್ಲೇ ನಡೆದು ಮುಗಿಸುವುದು. ದಿನಕ್ಕೆ 4 ಕಿ.ಮೀ. ಆದರೆ 75 ದಿನ. ಗೋಡೆಗೆ ನಕ್ಷೆ ಅಂಟಿಸಿ ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ ಅಂತ ಗುರುತು ಹಾಕುತ್ತಾ ಹೋಗುವುದು. ಅತ್ತೆಯವರು "ಇವತ್ತು ಎಲ್ಲಿಗೆ ಮುಟ್ಟಿದೆ?" ಅಂತ ಈಗಲೇ ಕೇಳಲು ಶುರು ಮಾಡಿದ್ದಾರೆ!

ನಡೆದು ಹೋದವರು ದಯವಿಟ್ಟು ಹೇಳಿ: ರಾತ್ರಿ ಎಲ್ಲೆಲ್ಲಿ ತಂಗಿದಿರಿ? ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಮುಟ್ಟಲು ಎಷ್ಟು ಹೊತ್ತು ಬೇಕಾಯಿತು? ಅಲ್ಲಿ ಮೊಣಕಾಲು ಕೈಕೊಡುತ್ತದಂತೆ. ನನಗೆ ಇಲ್ಲಿ ಘಾಟಿ ಎಲ್ಲಿಂದ ತರಲಿ? ಮರಳಲ್ಲಿ ನಡೆದರೆ ಸಾಕಾ?

ಇನ್ನೊಂದು. ಮೊಬೈಲಿನ ಹೆಜ್ಜೆ ಲೆಕ್ಕ ನಂಬುವ ಹಾಗಿಲ್ಲ, ಸುಮ್ನೆ ಬಟ್ಟೆ ಒಗೆದರೂ ಏರುತ್ತದೆ. ದೂರ ಸರಿಯಾಗಿ ತೋರಿಸುವ ಉಚಿತ ಆ್ಯಪ್ ಯಾವುದಿದೆ? ದಾರಿಯ ಫೋಟೋ ಇದ್ದರೆ ಇಲ್ಲೇ ಹಾಕಿ, ಅತ್ತೆಯವರಿಗೂ ತೋರಿಸುತ್ತೇನೆ. ಕೊನೆಯ ದಿನ ಮಾತ್ರ ಬಸ್ಸಲ್ಲಿ ಹೋಗಿ ನೇತ್ರಾವತಿಯಲ್ಲಿ ಮುಳುಗಿ, ದರ್ಶನ ಮಾಡಿ, ಸಂಜೆಗೆ ವಾಪಸ್.