ಪದಚರ್ಚೆ: ಹೆದ್ದಾರಿ ‘ತೆರವು’ ಆಯಿತೋ, ಕೆಡವಿದರೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸಿಯಾಟಲ್ ನಗರದ ಅಲಾಸ್ಕನ್ ವೇ ವಯಾಡಕ್ಟ್ ಬಗ್ಗೆ ಒಂದು ಉದ್ದನೆಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕೈದು ಪದಗಳಲ್ಲಿ ಸಿಕ್ಕಿಕೊಂಡು ಕೂತಿದ್ದೇನೆ. ಹಿನ್ನೆಲೆ ಮೊದಲು ಹೇಳಿಬಿಡುತ್ತೇನೆ. ಆ ನಗರದ ಕಡಲ ದಂಡೆಗೆ ಅಂಟಿಕೊಂಡ ಹಾಗೆ, ಕಂಬಗಳ ಮೇಲೆ, ಎರಡು ಅಂತಸ್ತಿನ ಹೆದ್ದಾರಿ ಇತ್ತು. ಮೇಲಿನದು ಉತ್ತರಕ್ಕೆ ಹೋಗುವವರಿಗೆ, ಕೆಳಗಿನದು ದಕ್ಷಿಣಕ್ಕೆ ಹೋಗುವವರಿಗೆ. 1953ರಲ್ಲಿ ತೆರೆದದ್ದು. 2001ರ ಫೆಬ್ರುವರಿಯಲ್ಲಿ 6.8 ತೀವ್ರತೆಯ ಭೂಕಂಪ ಆಗಿ ಅದಕ್ಕೆ ಪೆಟ್ಟು ಬಿತ್ತು. ಆಮೇಲೆ ಶುರುವಾಯಿತು ಚರ್ಚೆ. ರಿಪೇರಿ ಮಾಡೋಣ ಅಂದರು ಕೆಲವರು. ಅಲ್ಲೇ ಹೊಸದು ಕಟ್ಟೋಣ, ನೆಲದಡಿಗೆ ಇಳಿಸೋಣ, ಯಾವುದೂ ಬೇಡ, ಕೆಳಗಿನ ಬೀದಿಯೇ ಸಾಕು ಅಂತ ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ 2019ರ ಜನವರಿಯಲ್ಲಿ ಹೆದ್ದಾರಿ ಮುಚ್ಚಿತು, ಫೆಬ್ರುವರಿಯಲ್ಲಿ ಸುರಂಗ ತೆರೆಯಿತು.

ತಲೆಬರಹದಲ್ಲೇ ಎಡವಿದೆ. ‘ಹೆದ್ದಾರಿಯ ಭವಿಷ್ಯ’ ಎಂದು ಬರೆದು ಓದಿಕೊಂಡರೆ ದಿನಭವಿಷ್ಯದ ಅಂಕಣದ ಹಾಗೆ ಕೇಳಿಸಿತು. ‘ಹೆದ್ದಾರಿಯ ಗತಿ’ ಅಂದರೆ ಆಗಲೇ ಅದರ ಕತೆ ಮುಗಿದ ಹಾಗೆ. ಸದ್ಯಕ್ಕೆ ‘ಹೆದ್ದಾರಿ: ಮುಂದೇನು?’ ಎಂದು ಇಟ್ಟಿದ್ದೇನೆ. ಅದು ಹೋಗಲಿ.

ಇನ್ನು ವಯಾಡಕ್ಟ್. ಲ್ಯಾಟಿನ್ನಿನಲ್ಲಿ ‘ವಿಯಾ’ ಎಂದರೆ ದಾರಿ. ನೀರು ಸಾಗಿಸುವ ಅಕ್ವಡಕ್ಟ್ ಎಂಬ ಪದ ಮೊದಲೇ ಇತ್ತು, ಅದೇ ಅಚ್ಚಿನಲ್ಲಿ ದಾರಿ ಸಾಗಿಸುವುದಕ್ಕೆ ಇದನ್ನು ಹೊಯ್ದರು. ನಮ್ಮಲ್ಲಿ ಕೈಗೆ ಸಿಗುವ ಪದ ‘ಮೇಲ್ಸೇತುವೆ’. ಆದರೆ ಸೇತುವೆ ಅಂದ ಮೇಲೆ ಅದು ಏನನ್ನಾದರೂ ದಾಟಬೇಕಲ್ವಾ? ಹಳ್ಳ, ರೈಲು ಹಳಿ, ಒಂದು ಸರ್ಕಲ್. ಸಿಯಾಟಲ್‌ನ ಈ ರಸ್ತೆ ಏನನ್ನೂ ದಾಟಲು ಹುಟ್ಟಿದ್ದಲ್ಲ. ದಂಡೆಯ ಜೊತೆ ಜೊತೆಗೇ ಸುಮಾರು ಮೂರೂವರೆ ಕಿಲೋಮೀಟರ್ ನಡೆದುಕೊಂಡು ಹೋಗುತ್ತಿತ್ತು. ಜನರ ತಕರಾರೂ ಅದೇ ಆಗಿತ್ತು: ಇದು ಎರಡು ಕಡೆಗಳನ್ನು ಸೇರಿಸುವುದಿಲ್ಲ, ನಗರಕ್ಕೂ ಕಡಲಿಗೂ ನಡುವೆ ಗೋಡೆಯ ಹಾಗೆ ನಿಂತಿದೆ ಅಂತ. ಅಂಥದ್ದಕ್ಕೆ ‘ಸೇತುವೆ’ ಎಂದು ಹೆಸರಿಟ್ಟರೆ ಅವರ ವಾದ ಓದುಗರಿಗೆ ತಲುಪುವುದೇ ಇಲ್ಲ. ಮೆಟ್ರೊ ಸುದ್ದಿಗಳಲ್ಲಿ ಬರುವ ‘ಎತ್ತರಿಸಿದ ಮಾರ್ಗ’ ಇದೆ, ಆದರೆ ‘ಎತ್ತರಿಸಿದ ರಸ್ತೆ’ ಅಂದರೆ ಮಣ್ಣು ಹಾಕಿ ಏರಿಸಿದ ರಸ್ತೆ ಅನ್ನಿಸುತ್ತದೆ. ‘ಉನ್ನತೀಕರಿಸಿದ’ ಎಂದು ಒಬ್ಬರು ಸೂಚಿಸಿದರು. ಅದು ಶಾಲೆ, ಆಸ್ಪತ್ರೆಗಳ ದರ್ಜೆ ಏರಿಸುವಾಗಿನ ಮಾತು. ಹಿರಿದಾದ ದಾರಿ ಹೆದ್ದಾರಿ ಆದ ಹಾಗೆ ಕಂಬದ ಮೇಲಿನ ದಾರಿ ‘ಕಂಬದಾರಿ’ ಯಾಕಾಗಬಾರದು ಎಂದು ನನಗೊಂದು ಆಸೆ. ಮನೆಯಲ್ಲಿ ಹೇಳಿದೆ. ದಾರಿಯಲ್ಲಿ ಕಂಬ ನೆಟ್ಟಿದ್ದಾರಾ ಎಂದು ಕೇಳಿದರು. ಸುಮ್ನಾದೆ.

‘ರಿಪ್ಲೇಸ್‌ಮೆಂಟ್’ ಇನ್ನೊಂದು ತೊಡಕು. ಸರ್ಕಾರಿ ಯೋಜನೆಯ ಹೆಸರಿನಲ್ಲೇ ಆ ಪದ ಇತ್ತು. ‘ಬದಲಿ ರಸ್ತೆ’ ಎಂದು ಬರೆದರೆ ನಮ್ಮ ಪತ್ರಿಕೆ ಓದುವವರಿಗೆ ತಕ್ಷಣ ನೆನಪಾಗುವುದು ಸಂಚಾರ ಸೂಚನೆ: ಕಾಮಗಾರಿ ನಡೆಯುತ್ತಿದೆ, ಬದಲಿ ಮಾರ್ಗ ಬಳಸಿ. ಹತ್ತು ದಿನದ ಮಾತು ಅದು. ‘ಇದರ ಜಾಗಕ್ಕೆ ಬಂದದ್ದು’ ಎಂದು ಬಿಡಿಸಿ ಬರೆಯುವುದೇ ವಾಸಿ ಅನ್ನಿಸಿದೆ. ಅಷ್ಟಕ್ಕೂ ಸುರಂಗ ಹಳೆಯ ರಸ್ತೆಯ ಪಡಿಯಚ್ಚೂ ಅಲ್ಲ. ಅದರಲ್ಲಿ ಒಂದೊಂದು ದಿಕ್ಕಿಗೆ ಎರಡೇ ಪಥ, ನಗರದ ನಡುವೆ ಇಳಿಯುವ ದಾರಿಯೂ ಇಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟ ತೊಡಕು ‘ನೋ’ ಎಂಬ ಪುಟ್ಟ ಪದದ್ದು. 2007ರ ಮಾರ್ಚ್‌ನಲ್ಲಿ ಜನರ ಮುಂದೆ ಎರಡು ಪ್ರಶ್ನೆ ಇಟ್ಟರು. ಹೊಸ ಎತ್ತರದ ಹೆದ್ದಾರಿ ಕಟ್ಟಬೇಕಾ? ಸುರಂಗ ಮಾಡಬೇಕಾ? ಬರೀ ಸಲಹೆ ಕೇಳುವ ಮತ, ಸರ್ಕಾರವನ್ನು ಕಟ್ಟಿಹಾಕುವಂಥದ್ದಲ್ಲ. ಎರಡಕ್ಕೂ ‘ನೋ’ ಜಾಸ್ತಿ ಬಿತ್ತು. ನಮ್ಮ ಅರ್ಜಿ ನಮೂನೆಗಳ ಪ್ರಕಾರ ಇದು ‘ಹೌದು / ಇಲ್ಲ’. ಆದರೆ ‘ಕಟ್ಟಬೇಕಾ’ ಅಂದರೆ ಯಾರೂ ‘ಇಲ್ಲ’ ಅನ್ನುವುದಿಲ್ಲ, ‘ಬೇಡ’ ಅನ್ನುತ್ತಾರೆ. ಹಾಗಾಗಿ ‘ಎರಡೂ ಬೇಡ ಎಂದರು’ ಎಂದು ಬರೆದೆ. ಮತ್ತೆ ಓದಿದಾಗ ಅದೂ ಕುಟುಕಿತು. ‘ಬೇಡ’ ಅಂದರೆ ಬಾಗಿಲು ಹಾಕಿಕೊಂಡ ಹಾಗೆ. ಅಲ್ಲಿ ‘ನೋ’ ಎಂದವರಲ್ಲಿ ಹಲವರಿಗೆ ಮೂರನೆಯದು ಏನೋ ಬೇಕಿತ್ತು: ಕೆಲವರಿಗೆ ನೆಲದ ಮೇಲಿನ ಬೀದಿ ಮತ್ತು ಹೆಚ್ಚು ಬಸ್ಸು, ಇನ್ನು ಕೆಲವರಿಗೆ ಹಳೆಯದರ ರಿಪೇರಿ. ಅದಕ್ಕೆ ‘ಎರಡೂ ಅಲ್ಲ’ ಅನ್ನುವುದು ಹೆಚ್ಚು ಒಪ್ಪುತ್ತದೆಯೇ? ‘ಅಲ್ಲ’ದಲ್ಲಿ ಮತ್ತೆ ಏನು ಎಂದು ಕೇಳಲು ಜಾಗ ಉಳಿಯುತ್ತದೆ. ಮುಂದೆ ಆದದ್ದೂ ಹಾಗೇ. 2007ರಲ್ಲಿ ಕೇಳಿದ್ದು ಮೇಲಿನಿಂದ ಅಗೆದು ಮುಚ್ಚುವ ಸುರಂಗ. 2009ರಲ್ಲಿ ನಾಯಕರು ಆಳದಲ್ಲಿ ಕೊರೆಯುವ ಸುರಂಗ ಎಂದರು. 2011ರಲ್ಲಿ ಮತ್ತೆ ಮತ ಹಾಕಿಸಿದಾಗ ಅದರ ಪರವಾಗಿ ಜಾಸ್ತಿ ಮತ ಬಿತ್ತು. ಇಂಗ್ಲಿಷಿನಲ್ಲಿ ಎರಡು ಸಲವೂ ‘ಟನಲ್’ ಎಂದೇ ಇರುವುದರಿಂದ ಜನ ಮನಸ್ಸು ಬದಲಾಯಿಸಿದರು ಅನ್ನಿಸುತ್ತದೆ. ಕನ್ನಡದಲ್ಲಿ ‘ಅಗೆದ ಸುರಂಗ’, ‘ಕೊರೆದ ಸುರಂಗ’ ಎಂದು ಬೇರೆ ಬೇರೆ ಹೇಳಿದರೆ ಆ ಗೊಂದಲ ಇರುವುದಿಲ್ಲ.

(ಕೊರೆಯುವ ಯಂತ್ರಕ್ಕೆ ಬರ್ತಾ ಎಂದು ಹೆಸರಿಟ್ಟಿದ್ದರು, ಆ ನಗರದ ಮೊದಲ ಮಹಿಳಾ ಮೇಯರ್ ಬರ್ತಾ ನೈಟ್ ಲ್ಯಾಂಡಿಸ್ ನೆನಪಿಗೆ. 2013ರ ಕೊನೆಯಲ್ಲಿ ಕೆಟ್ಟು ನಿಂತ ಯಂತ್ರ ಸುಮಾರು ಎರಡು ವರ್ಷ ಮುಂದೆ ಹೋಗಲಿಲ್ಲ. ‘ಬರ್ತಾ ಸಿಕ್ಕಿಬಿದ್ದಳು’ ಎನ್ನಲೋ, ‘ಸಿಕ್ಕಿಬಿತ್ತು’ ಎನ್ನಲೋ? ನಾನು ‘ಬಿತ್ತು’ ಎಂದಿದ್ದೇನೆ. ಆಕ್ಷೇಪ ಇದ್ದರೆ ಹೇಳಿ.)

ಈಗ ಮುಖ್ಯ ಪ್ರಶ್ನೆ. ‘ರಿಮೂವಲ್’ಗೆ ಏನು ಹಾಕಲಿ? ಎಲ್ಲರೂ ಥಟ್ಟನೆ ‘ತೆರವು’ ಎನ್ನುತ್ತಾರೆ. ಆದರೆ ಪತ್ರಿಕೆಯಲ್ಲಿ ತೆರವಿನ ಹಿಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ನೋಡಿ: ಒತ್ತುವರಿ. ‘ಹೆದ್ದಾರಿ ತೆರವು’ ಅಂದ ತಕ್ಷಣ ಹೆದ್ದಾರಿಯೇ ಯಾರದೋ ಜಾಗ ನುಂಗಿ ಕೂತಿತ್ತು ಎಂಬ ತೀರ್ಪು ಒಳಗೆ ಬಂದುಬಿಡುತ್ತದೆ. ಅದನ್ನು ವಿರೋಧಿಸಿದವರಿಗೆ ಈ ಪದ ಹಬ್ಬ. ಪರವಾಗಿದ್ದವರಿಗೆ ಅನ್ಯಾಯ. ದಿನಕ್ಕೆ ಸುಮಾರು 90,000 ವಾಹನ ಓಡುತ್ತಿದ್ದ ರಸ್ತೆ ಅದು. ಮೇಲಿನ ಅಂತಸ್ತಿನಲ್ಲಿ ಹೋಗುವಾಗ ಕೊಲ್ಲಿ, ಅದರಾಚೆ ಬೆಟ್ಟಸಾಲು ಎಲ್ಲ ಬಿಟ್ಟಿಯಾಗಿ ಕಾಣುತ್ತಿತ್ತು. ಅದಕ್ಕಾಗಿಯೇ ಅದನ್ನು ಇಷ್ಟಪಟ್ಟವರು ಕಡಿಮೆ ಇರಲಿಲ್ಲ.

‘ಕೆಡವು’ ನೇರ ಪದ. ಹಳಗನ್ನಡದ ‘ಕೆಡೆ’, ಅಂದರೆ ಬೀಳು, ಅದರಿಂದ ಬಂದದ್ದು. ‘ಕೆಡು’, ‘ಕೆಡಿಸು’ ಬೇರೆ ಕುಟುಂಬ. ಆದರೂ ಕಿವಿಗೆ ಎರಡೂ ಒಂದೇ ಮನೆಯವರ ಹಾಗೆ ಕೇಳಿಸಿ, ಕೆಡವಿದವರು ಏನನ್ನೋ ಕೆಡಿಸಿದರು ಅನ್ನಿಸಿಬಿಡುತ್ತದೆ. ‘ನೆಲಸಮ’ದಲ್ಲಿ ಜೆಸಿಬಿಯ ಸದ್ದೇ ಇದೆ. ‘ಬಿಚ್ಚು’, ‘ಕಳಚು’ ಡೇರೆಗೆ, ಅಟ್ಟಣಿಗೆಗೆ ಸರಿ, ಕಾಂಕ್ರೀಟಿಗೆ ಅಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇದನ್ನು ಚೆನ್ನಾಗಿ ಬಗೆಹರಿಸಿಕೊಂಡರು ಅನ್ನಿಸುತ್ತದೆ. ಚೊಂಗ್ಯೆಚೊನ್ ಎಂಬ ಹೊಳೆಯನ್ನು ಮುಚ್ಚಿ ಮೇಲೆ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ಶುರು ಮಾಡಿ 2005ಕ್ಕೆ ಹೊಳೆ ತೆರೆದರು. ಯೋಜನೆಯ ಹೆಸರಿನಲ್ಲಿ ಇದ್ದದ್ದು ಹೊಳೆ, ಹೆದ್ದಾರಿಯಲ್ಲ. ‘ಹೊಳೆಯನ್ನು ಮರಳಿ ತರುವುದು’ ಎಂಬ ಅರ್ಥದ ಪದ. ಅದು ಪಂಪಿನಿಂದ ಹರಿಸುವ ನೀರು ಎಂದು ಟೀಕಿಸಿದವರೂ ಇದ್ದಾರೆ, ಆ ಮಾತು ಬೇರೆ. ಸಿಯಾಟಲ್‌ಗೆ ಇದೇ ದಾರಿ ಹಿಡಿದು ‘ದಂಡೆ ಬಿಡಿಸಿಕೊಂಡರು’ ಎಂದರೆ ನಾನೂ ಒಂದು ಪಕ್ಷ ಸೇರಿದ ಹಾಗೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ಥರ ದಂಡೆಯ ಪಕ್ಕ ಕಂಬಗಳ ಮೇಲಿದ್ದ ಎಂಬಾರ್ಕಡೆರೊ ಹೆದ್ದಾರಿಯ ಪ್ರಸ್ತಾಪವೂ ಲೇಖನದಲ್ಲಿದೆ. 1986ರಲ್ಲಿ ಅದನ್ನು ಕೆಡವುವ ಯೋಜನೆಯನ್ನು ಮತದಾರರೇ ತಿರಸ್ಕರಿಸಿದ್ದರು. 1989ರ ಭೂಕಂಪದಲ್ಲಿ ಅದು ಜಖಂ ಆಯಿತು. 1991ರಲ್ಲಿ ಒಡೆಯಲು ಶುರು ಮಾಡಿದರು. ಅಲ್ಲಿ ‘ಕೆಡವಿದರು’ ಎಂದೇ ಬರೆದಿದ್ದೇನೆ, ಭೂಕಂಪ ಅರ್ಧ ಕೆಡವಿತ್ತಲ್ಲ. ಸಿಯಾಟಲ್‌ಗೆ ಮಾತ್ರ ಕೈ ಓಡುತ್ತಿಲ್ಲ. ‘ಇಳಿಸಿದರು’ ಎಂಬ ಪದ ತಲೆಯಲ್ಲಿ ಸುತ್ತುತ್ತಿದೆ. ಮೇಲಿದ್ದದ್ದನ್ನು ಕೆಳಗೆ ತಂದರು, ಅಷ್ಟೇ. ಹೊಗಳಿಕೆಯಿಲ್ಲ, ತೆಗಳಿಕೆಯಿಲ್ಲ. ಆದರೆ ಹೊರೆ ಇಳಿಸಿದ ನೆನಪು ಅದರಲ್ಲೂ ಸ್ವಲ್ಪ ಇದೆಯಾ?

ಕೊನೆಯದು ಒಂದು ಕ್ರಿಯಾಪದ. ಒಡೆದ ವಯಾಡಕ್ಟ್‌ನ ಕಾಂಕ್ರೀಟ್ ಚೂರುಗಳನ್ನು ಪಕ್ಕದಲ್ಲೇ ಇದ್ದ, ಬಳಕೆ ನಿಂತ ಬ್ಯಾಟರಿ ಸ್ಟ್ರೀಟ್ ಸುರಂಗಕ್ಕೆ ಸುರಿದರು. ಮೂಲದಲ್ಲಿ ಬರೀ ‘ಫಿಲ್’ ಇದೆ, ಅಂದರೆ ‘ತುಂಬಿದರು’ ಸಾಕು. ನನ್ನ ಕೈ ಮಾತ್ರ ‘ರಸ್ತೆಯನ್ನು ರಸ್ತೆಯೊಳಗೆ ಹೂತರು’ ಎಂದು ಬರೆದುಬಿಟ್ಟಿದೆ. ಹೊಡೆದು ಹಾಕಲು ಮನಸ್ಸು ಬರುತ್ತಿಲ್ಲ. ಇದು ಅನುವಾದವೋ, ನನ್ನ ತೀಟೆಯೋ, ನೀವೇ ಹೇಳಿ.