ಹೊರಾಂಗಣ ಛಾಯಾಗ್ರಹಣಕ್ಕೆ ಎಂತಹ ಟ್ಯಾಬ್ಲೆಟ್ ಕೊಳ್ಳಬೇಕು?

ಪ್ರಶ್ನೆ

ಸಮಾರಂಭಗಳನ್ನೂ ಹೊರಾಂಗಣ ಭಾವಚಿತ್ರಗಳನ್ನೂ ತೆಗೆಯುವುದು ನನ್ನ ವೃತ್ತಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಎಲ್ಲವನ್ನೂ ರಾ ಫೈಲ್‌ಗಳಾಗಿಯೇ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರಗಳಾಗಿ) ತೆಗೆಯುತ್ತೇನೆ. ಇನ್ನು ಮುಂದೆ ಲ್ಯಾಪ್‌ಟಾಪ್ ಹೊತ್ತೊಯ್ಯುವುದನ್ನು ಬಿಟ್ಟು ಟ್ಯಾಬ್ಲೆಟ್ ಒಂದನ್ನು ಇಟ್ಟುಕೊಳ್ಳಬೇಕೆಂದಿದ್ದೇನೆ. ಕಾರ್ಡ್‌ನಲ್ಲಿರುವ ಚಿತ್ರಗಳ ಇನ್ನೊಂದು ಪ್ರತಿಯನ್ನು ಸ್ಥಳದಲ್ಲೇ ಮಾಡಿಕೊಳ್ಳುವುದು, ಗ್ರಾಹಕರಿಗೆ ದೊಡ್ಡ ಪರದೆಯಲ್ಲಿ ತೋರಿಸಿ ಆಯ್ಕೆ ಮಾಡಿಸುವುದು, ತುರ್ತಾಗಿ ಬೇಕಾದ ಕೆಲವನ್ನು ತಿದ್ದಿ ಕಳುಹಿಸುವುದು, ಇಷ್ಟು ಕೆಲಸ ಅದರಿಂದ ಆಗಬೇಕು. ಜಾಹೀರಾತುಗಳೆಲ್ಲ ಪ್ರೊಸೆಸರ್‌ನ ವೇಗವನ್ನೇ ಹೊಗಳುತ್ತವೆ. ನಿಜವಾಗಿ ಗಮನಿಸಬೇಕಾದದ್ದು ಅದೇ ಏನು?

ಉತ್ತರ 1

ಅಲ್ಲ. ಈಗ ಸಿಗುವ ಮಧ್ಯಮ ದರ್ಜೆಯ ಪ್ರೊಸೆಸರ್‌ಗಳೂ 24 ಮೆಗಾಪಿಕ್ಸೆಲ್‌ನ ರಾ ಫೈಲ್‌ಗಳನ್ನು ನಿಭಾಯಿಸುತ್ತವೆ. ನೀವು ಮೊದಲು ನೋಡಬೇಕಾದದ್ದು ಪೋರ್ಟ್ ಅನ್ನು, ಎಂದರೆ ಕೇಬಲ್ ಸಿಕ್ಕಿಸುವ ಜಾಗವನ್ನು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಆಕಾರದ ಯುಎಸ್‌ಬಿ-ಸಿ. ಒಳಗಿನ ವೇಗದಲ್ಲಿ ಮಾತ್ರ ಅಜಗಜಾಂತರ. 2022ರಲ್ಲಿ ಬಂದ ಹತ್ತನೆಯ ತಲೆಮಾರಿನ ಸಾಮಾನ್ಯ ಐಪ್ಯಾಡ್‌ನ ಪೋರ್ಟ್ ಯುಎಸ್‌ಬಿ 2 ವೇಗದ್ದು, ಎಂದರೆ ಸೆಕೆಂಡಿಗೆ 480 ಮೆಗಾಬಿಟ್ (ಎಂಟು ಬಿಟ್‌ಗೆ ಒಂದು ಬೈಟ್). ವಾಸ್ತವದಲ್ಲಿ ಇದು ಸೆಕೆಂಡಿಗೆ 35ರಿಂದ 40 ಮೆಗಾಬೈಟ್‌ಗೆ ಇಳಿಯುವುದರಿಂದ, ತುಂಬಿದ 64 ಜಿಬಿ ಕಾರ್ಡ್ ಒಂದನ್ನು ನಕಲಿಸಲು ಅರ್ಧ ಗಂಟೆಯೇ ಬೇಕಾಗುತ್ತದೆ. ಐಪ್ಯಾಡ್ ಏರ್‌ನ ಇತ್ತೀಚಿನ ಮಾದರಿಗಳಲ್ಲಿ ಇದು 10 ಗಿಗಾಬಿಟ್, ಪ್ರೊ ಮಾದರಿಗಳಲ್ಲಿ 40 ಗಿಗಾಬಿಟ್. ವೇಗದ ಯುಎಚ್‌ಎಸ್-2 ಕಾರ್ಡ್ ಮತ್ತು ಅದಕ್ಕೆ ತಕ್ಕ ರೀಡರ್ ನಿಮ್ಮಲ್ಲಿದ್ದರೆ ಅದೇ ಕೆಲಸ ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. ಕಾರ್ಡೇ ನಿಧಾನವಾದದ್ದಾದರೆ 40 ಗಿಗಾಬಿಟ್‌ಗೆ ಹಣ ಸುರಿದು ಪ್ರಯೋಜನವಿಲ್ಲ.

ಇನ್ನೊಂದು ಮಾತು. ಚಿತ್ರಗಳನ್ನು ಟ್ಯಾಬ್ಲೆಟ್‌ನ ಒಳಗೇ ತುಂಬಿಸಿಕೊಳ್ಳಬೇಡಿ. ಕಾರ್ಡ್ ರೀಡರ್ ಮತ್ತು ಪುಟ್ಟ ಎಸ್‌ಎಸ್‌ಡಿಯನ್ನು (ಹೊರಗಿನ ಸಂಗ್ರಹ ಡ್ರೈವ್) ಒಂದೇ ಹಬ್‌ಗೆ (ಒಂದು ಪೋರ್ಟ್ ಅನ್ನು ಹಲವಾಗಿಸುವ ಸಾಧನ) ಸಿಕ್ಕಿಸಿ, ಫೈಲ್ಸ್ ಆ್ಯಪ್‌ನ ಮೂಲಕ ಕಾರ್ಡ್‌ನಿಂದ ನೇರವಾಗಿ ಎಸ್‌ಎಸ್‌ಡಿಗೆ ನಕಲಿಸಿ. ನಕಲು ಮುಗಿದ ಮೇಲೆ ಫೈಲ್‌ಗಳ ಸಂಖ್ಯೆಯನ್ನು ತಾಳೆ ನೋಡಿ, ನಡುನಡುವಿನ ಕೆಲವು ಚಿತ್ರಗಳನ್ನು ತೆರೆದು ಪರೀಕ್ಷಿಸುವವರೆಗೂ ಕಾರ್ಡ್ ಅನ್ನು ಫಾರ್ಮ್ಯಾಟ್ ಮಾಡಬಾರದು. ಹಬ್ ಕೊಳ್ಳುವಾಗ ಅದರ ಮೂಲಕವೇ ಚಾರ್ಜಿಂಗ್ ಕೂಡ ಆಗುವಂಥದ್ದನ್ನು ಆರಿಸಿ, ಏಕೆಂದರೆ ಹೆಚ್ಚಿನ ಟ್ಯಾಬ್ಲೆಟ್‌ಗಳಿಗೆ ಇರುವುದು ಒಂದೇ ಪೋರ್ಟ್.

ಉತ್ತರ 2

ಪೋರ್ಟ್‌ನ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಗ್ರಾಹಕರಿಗೆ ತೋರಿಸುವುದೂ ನಿಮ್ಮ ಉದ್ದೇಶವಾಗಿರುವುದರಿಂದ ಪರದೆಯ ಪ್ರಕಾಶಕ್ಕೂ ಅಷ್ಟೇ ತೂಕ ಕೊಡಬೇಕು. 500 ನಿಟ್‌ನ (ನಿಟ್ ಎಂದರೆ ಪ್ರಕಾಶದ ಅಳತೆ) ಪರದೆ ನೆರಳಿನಲ್ಲಿ ಸಾಕು. ಬಿಸಿಲಿನಲ್ಲಿ ಚಿತ್ರದ ಕಪ್ಪು ಭಾಗಗಳಲ್ಲಿ ನೋಡುವವರ ಮುಖವೇ ಪ್ರತಿಫಲಿಸುತ್ತದೆ. 2024ರ ಎಂ4 ಐಪ್ಯಾಡ್ ಪ್ರೊನ ಓಎಲ್‌ಇಡಿ ಪರದೆ ಸಾಮಾನ್ಯ ಚಿತ್ರಗಳಿಗೂ 1000 ನಿಟ್ ಕೊಡುತ್ತದೆ. ಪ್ರತಿಫಲನ ತಗ್ಗಿಸುವ ನ್ಯಾನೊ-ಟೆಕ್ಸ್ಚರ್ ಗಾಜು ಮಾತ್ರ ಅದರ 1 ಟಿಬಿ ಮತ್ತು 2 ಟಿಬಿ ಮಾದರಿಗಳಿಗಷ್ಟೇ ಸೀಮಿತ, ಇದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಯಾವ ಪರದೆಯಾದರೂ ಬಿಸಿಲಿನಲ್ಲಿ ಕಾದರೆ ತನ್ನಷ್ಟಕ್ಕೆ ಮಂಕಾಗುತ್ತದೆ. ಐಪ್ಯಾಡ್ ಅನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ತಯಾರಕರೇ ಹೇಳುತ್ತಾರೆ. ಆದ್ದರಿಂದ ಎಷ್ಟೇ ದುಬಾರಿಯದನ್ನು ಕೊಂಡರೂ ಒಂದು ಛತ್ರಿಯ ನೆರಳು ಬೇಕೇ ಬೇಕು.

ಬಣ್ಣ ತಿದ್ದುವ ಮೊದಲು ಟ್ರೂ ಟೋನ್, ನೈಟ್ ಶಿಫ್ಟ್ ಮುಂತಾದ, ಬೆಳಕಿಗೆ ಅಥವಾ ಹೊತ್ತಿಗೆ ತಕ್ಕಂತೆ ಪರದೆಯ ಬಣ್ಣ ಬದಲಿಸುವ ಸೌಲಭ್ಯಗಳನ್ನು ನಿಲ್ಲಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಚಿತ್ರ ತಿದ್ದಲು ಮನೆಯಲ್ಲಿ ನಾನು ಬಳಸುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್. ಅದು ಐಪ್ಯಾಡ್‌ನಲ್ಲಿ ನಡೆಯುತ್ತದೆಯೇ? ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳನ್ನು ಪರಿಗಣಿಸಬಹುದೇ?

ಉತ್ತರ 3

ಕ್ಲಾಸಿಕ್ ಆವೃತ್ತಿ ಐಪ್ಯಾಡ್‌ನಲ್ಲಾಗಲೀ ಆಂಡ್ರಾಯ್ಡ್‌ನಲ್ಲಾಗಲೀ ನಡೆಯುವುದಿಲ್ಲ. ಅಲ್ಲಿ ಸಿಗುವುದು ಕ್ಲೌಡ್ ಆಧಾರಿತ ಲೈಟ್‌ರೂಮ್. ಅದರಲ್ಲಿ ಮಾಡಿದ ತಿದ್ದುಪಡಿಗಳನ್ನು ಸಿಂಕ್ ಮೂಲಕ ಕ್ಲಾಸಿಕ್‌ಗೆ ತರಬಹುದಾದರೂ, ಅದಕ್ಕಾಗಿ ಮೂಲ ರಾ ಫೈಲ್‌ಗಳು ಇಂಟರ್‌ನೆಟ್ ಮೂಲಕವೇ ಹೋಗಬೇಕಾದ್ದರಿಂದ, ಸಿಗ್ನಲ್ ದುರ್ಬಲವಾಗಿರುವ ಕಡೆ ನೂರಾರು ಚಿತ್ರಗಳನ್ನು ಹೀಗೆ ಸಾಗಿಸುವ ಆಸೆ ಇಟ್ಟುಕೊಳ್ಳದಿರುವುದು ಒಳಿತು. ತುರ್ತಿನ ಹತ್ತು ಹದಿನೈದು ಚಿತ್ರಗಳನ್ನು ಮಾತ್ರ ಅದರಲ್ಲಿ ತಿದ್ದಿ ಕಳುಹಿಸಿ, ಉಳಿದವನ್ನು ಎಸ್‌ಎಸ್‌ಡಿಯಿಂದ ಮನೆಯಲ್ಲಿ ಕ್ಲಾಸಿಕ್‌ಗೆ ಸೇರಿಸಿಕೊಳ್ಳಿ. ಕ್ಯಾಮೆರಾಗೆ ಕೇಬಲ್ ಜೋಡಿಸಿ, ತೆಗೆದ ಚಿತ್ರ ತಕ್ಷಣ ಪರದೆಯಲ್ಲಿ ಕಾಣಬೇಕೆನ್ನುವವರಿಗೆ 2022ರಲ್ಲಿ ಐಪ್ಯಾಡ್‌ಗೆ ಬಂದ ಕ್ಯಾಪ್ಚರ್ ಒನ್ ಇದೆ. ನಿಮ್ಮ ಕ್ಯಾಮೆರಾ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕ್ಲಾಸಿಕ್ ಬಿಟ್ಟಿರಲಾರೆ ಎನ್ನುವುದಾದರೆ ವಿಂಡೋಸ್ ನಡೆಸುವ ಸರ್ಫೇಸ್ ಪ್ರೊ ಸರಿಯಾದ ದಾರಿ. ಕ್ಯಾಲಿಬ್ರೇಟರ್ ಎಂಬ ಬಣ್ಣ ಅಳೆಯುವ ಸಾಧನದಿಂದ ಪರದೆಯ ಬಣ್ಣವನ್ನು ಇಡೀ ವ್ಯವಸ್ಥೆಗೆ ಅನ್ವಯಿಸುವಂತೆ ಹೊಂದಿಸಬಹುದು ಎಂಬುದು ಅದರ ಇನ್ನೊಂದು ಅನುಕೂಲ. ಹೆಚ್ಚಿನ ಐಪ್ಯಾಡ್‌ಗಳಲ್ಲಿ ಅದು ಸಾಧ್ಯವಿಲ್ಲ. ಆಂಡ್ರಾಯ್ಡ್‌ನಲ್ಲಿ ನಾನು ಹೆಸರಿಸುವುದು 2023ರ ಗ್ಯಾಲಕ್ಸಿ ಟ್ಯಾಬ್ ಎಸ್9 ಸರಣಿಯನ್ನು: ದೂಳು ಮತ್ತು ನೀರನ್ನು ತಡೆಯುವ ಐಪಿ68 ರಕ್ಷಣೆ, ಮೈಕ್ರೋ ಎಸ್‌ಡಿ ಕಾರ್ಡ್‌ಗೆ ಜಾಗ, ಅಮೊಲೆಡ್ ಪರದೆ, ಮೂರೂ ಅದರಲ್ಲಿವೆ. ಪೋರ್ಟ್ ಒದ್ದೆಯಾದಾಗ ಮಾತ್ರ ಒಣಗುವ ತನಕ ಹಬ್ ಸಿಕ್ಕಿಸಬಾರದು.

ನೀವು ಹೇಳಿದ ಕೆಲಸಗಳಿಗೆ ನಾನಾದರೆ ಪ್ರೊ ಮಾದರಿಯ ಬದಲು ಐಪ್ಯಾಡ್ ಏರ್ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ರೀಡರ್, ಎರಡು ಎಸ್‌ಎಸ್‌ಡಿ ಹಾಗೂ ಯುಎಸ್‌ಬಿ ಪವರ್ ಡೆಲಿವರಿ (ವೇಗದ ಚಾರ್ಜಿಂಗ್ ಪದ್ಧತಿ) ಇರುವ ಪವರ್ ಬ್ಯಾಂಕ್ ತೆಗೆದುಕೊಳ್ಳುತ್ತಿದ್ದೆ. ಕೊಳ್ಳುವ ಮುನ್ನ ನಿಮ್ಮದೇ ಕಾರ್ಡ್ ಮತ್ತು ರೀಡರ್ ಅನ್ನು ಅಂಗಡಿಗೆ ಒಯ್ದು, ಅಲ್ಲೇ ಒಂದು ಫೋಲ್ಡರ್ ಅನ್ನು ನಕಲಿಸಿ ನೋಡಿ.