1939ರ ಸಾರ್ ಸನ್ನಿವೇಶ: ನಾಲ್ಕೇ ಸರದಿಗೆ ಫ್ರೆಂಚರು ಜರ್ಮನಿಯ ಮೈನ್ಸ್ ನಗರ ಸೇರುತ್ತಾರೆ, ಎಲ್ಲಿ ತಪ್ಪಿದೆ?

ಹೆಕ್ಸ್‌ಪ್ರಿಯ:
ಜರ್ಮನ್ ಸೇನೆ ಪೋಲೆಂಡ್‌ನಲ್ಲಿದ್ದಾಗ ಫ್ರಾನ್ಸ್ ಪೂರ್ತಿ ಬಲ ಹಾಕಿ ಜರ್ಮನಿಯ ಸಾರ್ ಪ್ರದೇಶಕ್ಕೆ ನುಗ್ಗಿದ್ದರೆ ಎಂಬ ನಕ್ಷೆ, ಬಿಲ್ಲೆ, ದಾಳದ ಆಟ. ಹೆಕ್ಸ್‌ಗೆ (ನಕ್ಷೆಯ ಆರು ಮೂಲೆಯ ಮನೆ) 5 ಕಿ.ಮೀ., ಸರದಿಗೆ 3 ದಿನ, ಆರಂಭ ಸೆಪ್ಟೆಂಬರ್ 7. ಬಲಾಬಲಕ್ಕೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಜರ್ಮನ್ ಜನರಲ್ ಯೋಡ್ಲ್ ಕೊಟ್ಟ ಲೆಕ್ಕ: 110 ಡಿವಿಷನ್‌ಗೆ ಎದುರು ಜರ್ಮನ್ನರ 23. ಫ್ರೆಂಚರನ್ನು ತಡೆಯುವವರೇ ಇಲ್ಲ. ಜರ್ಮನ್ ಬಂಕರುಗಳ ಅಂಕ ದುಪ್ಪಟ್ಟು ಮಾಡಿದರೆ ಯಾರೂ ಕದಲುವುದಿಲ್ಲ.

ನಕ್ಷೆಗಾರ:
ಬಂಕರ್ ಅಂಕ ಮೊದಲಿನಂತೆಯೇ ಇರಲಿ. ಎಡವಟ್ಟು ಆ 110ರದು. ಅದರಲ್ಲಿ ಬ್ರಿಟಿಷರೂ ಸೇರಿದ್ದಾರೆ. ಅವರ ಮೊದಲ ನಾಲ್ಕು ಡಿವಿಷನ್ ಜಾಗ ಹಿಡಿದದ್ದು ಅಕ್ಟೋಬರ್‌ನಲ್ಲಿ. ಇಟಲಿ ಗಡಿ ಕಾಯುತ್ತಿದ್ದ ಫ್ರೆಂಚರನ್ನೂ ಕಳೆಯಿರಿ. 23 ಕೂಡ ಕಡಿಮೆಯಾಯಿತು, ಪಶ್ಚಿಮದ ಜರ್ಮನ್ ಸೇನಾಪತಿ ಲೇಬ್‌ನ ಕೈಯಲ್ಲಿ ಮೂವತ್ತಕ್ಕೂ ಹೆಚ್ಚಿದ್ದವು. ಪ್ಯಾಂಜರ್ (ಟ್ಯಾಂಕ್) ಡಿವಿಷನ್ ಮಾತ್ರ ಒಂದೂ ಇರಲಿಲ್ಲ.

ಇನ್ನು ಜಾಗ. ಬೆಲ್ಜಿಯಂ, ಲಕ್ಸೆಂಬರ್ಗ್ ತಟಸ್ಥ. ದಕ್ಷಿಣಕ್ಕೆ ರೈನ್ ನದಿಯೇ ಗಡಿ. ನುಗ್ಗಲು ಉಳಿದದ್ದು ಮೊಸೆಲ್‌ನಿಂದ ರೈನ್‌ವರೆಗಿನ ಸುಮಾರು 150 ಕಿ.ಮೀ., ನಿಮ್ಮ ನಕ್ಷೆಯಲ್ಲಿ 30 ಹೆಕ್ಸ್. ಹೆಕ್ಸ್‌ಗೆ ಎರಡೇ ಡಿವಿಷನ್ ಎಂದು ಮಿತಿ ಹಾಕಿ, ಮಿಕ್ಕವು ಹಿಂದೆ ಸಾಲುಗಟ್ಟಲಿ.

ತೋಪುಖಾನೆ:
ಜಾಗಕ್ಕಿಂತ ದೊಡ್ಡ ತಪ್ಪು ದಿನದ ಲೆಕ್ಕದ್ದು. ಫ್ರೆಂಚ್ ಸೇನೆಯ ಸಜ್ಜುಗೊಳಿಕೆಯ ಮೊದಲ ದಿನ ಸೆಪ್ಟೆಂಬರ್ 2. ಖಾಯಂ ರೆಜಿಮೆಂಟುಗಳ ಅಧಿಕಾರಿಗಳನ್ನು ಹಂಚಿಯೇ ಮೀಸಲು ಡಿವಿಷನ್ ಕಟ್ಟಬೇಕು, ಭಾರಿ ಫಿರಂಗಿಗಳನ್ನು ಉಗ್ರಾಣದಿಂದ ತೆಗೆಯಬೇಕು. ಸಜ್ಜುಗೊಳಿಕೆ ಶುರುವಾಗಿ ಹದಿನೈದು ದಿನ ಕಳೆದ ಮೇಲೆ ದೊಡ್ಡ ದಾಳಿ ಎಂದೇ ಪೋಲೆಂಡ್‌ಗೂ ಮಾತು ಕೊಟ್ಟದ್ದು. ಅಂದರೆ 17ನೇ ತಾರೀಖು, ನಿಮ್ಮ ನಾಲ್ಕನೇ ಸರದಿ! ಅಲ್ಲಿಯವರೆಗೆ ಭಾರಿ ಫಿರಂಗಿಯ ಬಿಲ್ಲೆ ನಕ್ಷೆಗೆ ಬರಕೂಡದು.

ದಾಳಿ ಗೆದ್ದರೆ ಒಂದೇ ಹೆಕ್ಸ್ ಮುನ್ನಡೆ. ಮುಂದಿನ ಸರದಿ ತೋಪು ಎಳೆದು ಕೂರಿಸಲು, ದಾಳಿ ಇಲ್ಲ. ಆ ಸೇನೆ ಕಲಿತಿದ್ದೇ ಹಾಗೆ: ಕೆಲವು ಕಿ.ಮೀ. ಕಾಲಾಳು, ಆಮೇಲೆ ತೋಪು, ಮತ್ತೆ ಕಾಲಾಳು.

ಟ್ಯಾಂಕ್ ಬಿಲ್ಲೆಗೆ ಏಕಾಂಗಿ ಓಟ ಬೇಡ, ಜೊತೆಗಿರುವ ಕಾಲಾಳಿಗೆ +1 ಕೊಟ್ಟರೆ ಸಾಕು. ಫ್ರೆಂಚರ ಆರ್-35 ಟ್ಯಾಂಕಿನಲ್ಲಿ ಇಬ್ಬರೇ. ಒಬ್ಬ ಓಡಿಸುತ್ತಾನೆ, ಗೋಪುರದಲ್ಲಿರುವವನೇ ಗುಂಡು ತುಂಬಬೇಕು, ಗುರಿ ಹಿಡಿಯಬೇಕು, ಹೊಡೆಯಬೇಕು, ದಾರಿಯನ್ನೂ ನೋಡಬೇಕು. ವೇಗ ಗಂಟೆಗೆ 20 ಕಿ.ಮೀ. ಅದರ ಗಿಡ್ಡ 37 ಮಿ.ಮೀ. ತೋಪಿಗೆ ಬಂಕರ್ ಜಗ್ಗುವುದಿಲ್ಲ. ಡಿಸಿಆರ್ (ಫ್ರೆಂಚರ ಭಾರಿ ಟ್ಯಾಂಕ್ ಡಿವಿಷನ್) ಬಿಲ್ಲೆಗಳಿದ್ದರೆ ತೆಗೆದುಹಾಕಿ, ಅವು ಹುಟ್ಟಿದ್ದೇ 1940ರಲ್ಲಿ. ಗಡಿಯ ವಾರ್ಂಟ್ ಕಾಡಿನಲ್ಲಿ ದಾಳ 1 ಅಥವಾ 2 ಬಿದ್ದರೆ ನೆಲಬಾಂಬಿಗೆ ಸಾಲು ನಿಲ್ಲಲಿ.

ಹೆಕ್ಸ್‌ಪ್ರಿಯ:
ಇಷ್ಟೆಲ್ಲ ಕಟ್ಟಿಹಾಕಿದರೆ ಫ್ರಾನ್ಸ್ ಆಡುವವರು ಯಾಕಾದರೂ ಆಡಬೇಕು?

ತೋಪುಖಾನೆ:
ಜರ್ಮನ್ನರ ಕೈಯನ್ನೂ ಕಟ್ಟಿ. ಲೇಬ್‌ನ ಬಹುಪಾಲು ಡಿವಿಷನ್‌ಗಳು ಮೀಸಲಿನವು, ಕೆಲವಂತೂ ಹಿಂದಿನ ಮಹಾಯುದ್ಧ ಕಂಡ ವಯಸ್ಸಾದವರದು. ಬಂಕರಿನೊಳಗೆ ರಕ್ಷಣಾ ಅಂಕ 3, ಹೊರಗೆ 1, ಪ್ರತಿದಾಳಿ ನಿಷಿದ್ಧ. ವಾರ್ಸಾ ಶರಣಾದ 28ರವರೆಗೆ, ಅಂದರೆ ಎಂಟನೇ ಸರದಿಯವರೆಗೆ ಪೂರ್ವದಿಂದ ಹೊಸ ಬಲ ಬೇಡ. ಫ್ರೆಂಚರಿಗೆ ಸಿಗುವ ಸಂದು 4ರಿಂದ 7ನೇ ಸರದಿ.

ನಕ್ಷೆಗಾರ:
ಎಂಟು ತಡವಾಯಿತು. ಆರನೇ ಸರದಿಯಿಂದಲೇ ದಾಳ ಹಾಕಲಿ, 5 ಅಥವಾ 6 ಬಿದ್ದರೆ ಒಂದು ಡಿವಿಷನ್ ರೈಲಿನಲ್ಲಿ ಬರಲಿ. ಗೆಲುವಿನ ಗುರಿ ಮೈನ್ಸ್ ಅಲ್ಲ. ಗಡಿ ಬಳಿಯ ಊರುಗಳಾದ ಸಾರ್‌ಬ್ರುಕೆನ್, ಜ್ವೈಬ್ರುಕೆನ್ ಎರಡೂ ಹಿಡಿದರೆ ಫ್ರಾನ್ಸ್ ಗೆದ್ದಂತೆ.

ಮೊದಲು ಮೂರೇ ಸರದಿ ಆಡಿ ನೋಡಿ. ನಿಜದಲ್ಲಿ ಫ್ರೆಂಚರು ಹೋದದ್ದು ಹೆಚ್ಚೆಂದರೆ 8 ಕಿ.ಮೀ. ನಿಮ್ಮ ಬಿಲ್ಲೆಗಳು ಎರಡು ಹೆಕ್ಸ್ ದಾಟಿದರೆ ಮುನ್ನಡೆಯ ನಿಯಮ ಇನ್ನೂ ಸಡಿಲವಿದೆ.